ನಾಲಿಗೆಗೆ ಸಿಗದ ವಿಷ

ವಿಜಯಪುರ ಜಿಲ್ಲೆ ಮುದ್ದೇಬಿಹಾಳ ಸೀಮೆಯ ನಾಲತವಾಡದ ಸುತ್ತಲಿನ ಹಳ್ಳಿಗಳಲ್ಲಿ ನೀರಿಗೆ ಎರಡೇ ಜಾತಿ: ಸವಳು, ಸಿಹಿ. ಸವಳು ನೀರು ದನಕ್ಕೆ, ಬಚ್ಚಲಿಗೆ, ಬಳಕೆಗೆ. ಸಿಹಿ ನೀರು ಕುಡಿಯಲಿಕ್ಕೆ, ಅಡುಗೆಗೆ. ಹೊಸ ಬೋರು ಕೊರೆಸಿದಾಗ ಬೊಗಸೆಯೊಡ್ಡಿ ಮೊದಲು ಬಾಯಿಗೆ ಹಾಕಿಕೊಂಡವರು ಏನು ಹೇಳುತ್ತಾರೋ ಅದೇ ತೀರ್ಪು. ಆಮೇಲಿನ ಪರೀಕ್ಷೆ ಒಲೆಯ ಮುಂದೆ ನಡೆಯುತ್ತದೆ. ತೊಗರಿ ಬೇಳೆ ಬೇಗ ಬೆಂದರೆ, ಸಾಬೂನಿಗೆ ನೊರೆ ಬಂದರೆ, ‘ನೀರ ಚಲೋ ಅದಾವ’ ಎಂದು ಆ ಬೋರಿಗೆ ಊರಿನ ಮುದ್ರೆ ಬಿದ್ದ ಹಾಗೆ.

ಈ ತಿಳಿವಳಿಕೆ ಸುಮ್ಮನೆ ಬಂದದ್ದಲ್ಲ. ವಿಜಯಪುರ, ಬಸವನ ಬಾಗೇವಾಡಿ, ತಾಳಿಕೋಟಿ ಸೀಮೆಯನ್ನು ಹಾದು ಕೃಷ್ಣೆಗೆ ಸೇರುವ ಡೋಣಿ ನದಿಯ ನೀರೇ ಉಪ್ಪು. ಅದರ ದಂಡೆಯ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದದ್ದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಕಣ ತುಂಬಿಸಿದ ಆ ನದಿ ಕೊಡ ತುಂಬಿಸಲಿಲ್ಲ. ಹೀಗೆ ತಲೆಮಾರುಗಟ್ಟಲೆ ಉಪ್ಪಿನ ನಡುವೆ ಬದುಕಿ, ಸಿಹಿ ನೀರನ್ನು ಹುಡುಕಿ ಹುಡುಕಿ ಇಲ್ಲಿನವರ ನಾಲಿಗೆ ಪಳಗಿದೆ. ಉಪ್ಪಿನ ವಿಷಯದಲ್ಲಿ ಆ ನಾಲಿಗೆಯನ್ನು ಇವತ್ತಿಗೂ ನಂಬಬಹುದು.

ಆದರೆ ಫ್ಲೋರೈಡಿಗೆ ರುಚಿಯಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ. ನೈಟ್ರೇಟಿಗೂ ಹಾಗೆಯೇ, ಆರ್ಸೆನಿಕ್ಕಿಗೂ ಹಾಗೆಯೇ. ಕೇಂದ್ರೀಯ ಅಂತರ್ಜಲ ಮಂಡಳಿ ಕರ್ನಾಟಕದಲ್ಲಿ ಫ್ಲೋರೈಡ್ ಮಿತಿಮೀರಿರುವ ಪ್ರದೇಶಗಳನ್ನು ಗುರುತಿಸುವಾಗ ವಿಜಯಪುರ ಜಿಲ್ಲೆಯ ಭಾಗಗಳೂ ಆ ಪಟ್ಟಿಯಲ್ಲಿ ಬರುತ್ತವೆ; ನೈಟ್ರೇಟಿನ ಪಟ್ಟಿಯಲ್ಲೂ ಬರುತ್ತವೆ. ಜಿಲ್ಲೆಯ ಎಲ್ಲ ಬೋರುಗಳೂ ಕೆಟ್ಟಿವೆ ಎಂದು ಇದರ ಅರ್ಥವಲ್ಲ. ಒಂದೇ ಊರಿನ ಎರಡು ಬೋರುಗಳಲ್ಲಿ ಒಂದರಲ್ಲಿ ಫ್ಲೋರೈಡ್ ಲೀಟರಿಗೆ ಅರ್ಧ ಮಿಲಿಗ್ರಾಂ, ಇನ್ನೊಂದರಲ್ಲಿ ಮೂರು ಮಿಲಿಗ್ರಾಂ ಇರಬಹುದು. ಅದಕ್ಕೇ ಪಕ್ಕದ ಊರಿನ ವರದಿ ನೋಡಿ ನಮ್ಮ ನೀರಿನ ಬಗ್ಗೆ ಸಮಾಧಾನಪಡುವಂತಿಲ್ಲ, ಗಾಬರಿಪಡುವಂತೆಯೂ ಇಲ್ಲ.

ಬೇಳೆ ಬೇಯಿಸುವ ನೀರಿನ ಒಳಗುಟ್ಟು

ಮುದ್ದೇಬಿಹಾಳ ಸೀಮೆಯ ನೆಲದಡಿ ಒಂದೇ ಬಗೆಯ ಕಲ್ಲಿಲ್ಲ. ಉತ್ತರಕ್ಕೆ ಎರೆಮಣ್ಣಿನ ಕೆಳಗೆ ದಖ್ಖನದ ಕಪ್ಪು ಬಸಾಲ್ಟ್. ತಾಳಿಕೋಟಿಯ ಕಡೆ ಭೀಮಾ ಶ್ರೇಣಿಯ ಸುಣ್ಣಕಲ್ಲು. ಕೃಷ್ಣೆಯತ್ತ ಇಳಿದಂತೆ ಗ್ರಾನೈಟ್ ಮತ್ತು ನೈಸ್ ಬಂಡೆ. ನದಿ ದಾಟಿದರೆ ಇಳಕಲ್ಲಿನ ಕೆಂಪು ಗ್ರಾನೈಟು, ಕುಷ್ಟಗಿ, ಲಿಂಗಸುಗೂರು. ಗ್ರಾನೈಟಿನೊಳಗೆ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್ ಎಂಬ ಖನಿಜಗಳಿವೆ. ಅವುಗಳಲ್ಲಿ ಫ್ಲೋರಿನ್ ಇದೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಾನುಗಟ್ಟಲೆ ನಿಂತಷ್ಟೂ ಅದು ಕರಗಿ ನೀರಿಗಿಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು, ಮೇಲಿನಿಂದ ಹೊಸ ನೀರು ಇಳಿಯುವುದು ತಡ. ಮೇಲಿನ ಪದರು ಬತ್ತಿತೆಂದು ನಾವು ಇನ್ನೂ ಆಳಕ್ಕೆ ಕೊರೆದಾಗ, ಎಷ್ಟೋ ಕಡೆ ಬಂಡೆಯ ಸಂಗಡ ಬಹುಕಾಲ ಕಳೆದ ಹಳೆಯ ನೀರನ್ನೇ ಮೇಲೆತ್ತುತ್ತೇವೆ.

ಇಲ್ಲಿ ರಸಾಯನಶಾಸ್ತ್ರದ ಒಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ. ನೀರಿನಲ್ಲಿ ಉಳಿಯುವ ಫ್ಲೋರೈಡಿಗೆ ಒಂದು ಮಿತಿ ಬೀಳುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚಿದ್ದರೆ ಆ ಮಿತಿ ಇಲ್ಲ, ಫ್ಲೋರೈಡ್ ಕರಗಿಕೊಂಡೇ ಇರುತ್ತದೆ. ಈಗ ಒಲೆಯ ಮುಂದಿನ ಪರೀಕ್ಷೆ ನೆನಪಿಸಿಕೊಳ್ಳಿ. ಬೇಳೆ ಬೇಗ ಬೇಯುವುದು ಯಾವ ನೀರಿನಲ್ಲಿ? ಕ್ಯಾಲ್ಸಿಯಂ ಕಡಿಮೆ ಇರುವ, ಸೋಡಾದ ಗುಣವಿರುವ ಮೆದು ನೀರಿನಲ್ಲಿ. ಸಾಬೂನಿಗೆ ನೊರೆ ಬರುವುದೂ ಅದರಲ್ಲೇ. ಅಂದರೆ ಬೇಳೆ ಬೇಯದ ಗಡಸು ನೀರನ್ನು ದೂರವಿಟ್ಟು, ಬೇಳೆ ಬೇಯುವ ಮೆದು ನೀರನ್ನು ಆರಿಸಿಕೊಂಡ ಮನೆಯವರು, ಗ್ರಾನೈಟಿನ ನೆಲದಲ್ಲಿ, ಹೆಚ್ಚು ಫ್ಲೋರೈಡಿರುವ ನೀರನ್ನೇ ಆರಿಸಿಕೊಂಡಿರುವ ಸಾಧ್ಯತೆ ಉಂಟು. ಎಲ್ಲ ಮೆದು ನೀರೂ ವಿಷವೆಂದಲ್ಲ, ಗಡಸು ನೀರೆಲ್ಲ ನಿರಪಾಯವೆಂದೂ ಅಲ್ಲ. ಬೇಳೆ ಬೆಂದದ್ದು ನೀರಿಗೆ ಪ್ರಮಾಣಪತ್ರವಾಗಲಾರದು, ಅಷ್ಟೆ. ಈ ಒಂದು ಮಾತು ಪ್ರತಿ ಅಡುಗೆಮನೆಗೂ ಮುಟ್ಟಬೇಕೆಂಬುದು ನನ್ನ ಆಸೆ.

ನಾರುಹುಣ್ಣು ಹೋಯಿತು, ಬೋರು ಬಂತು

ಕೊಳವೆಬಾವಿಯನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ಅದು ಅನ್ಯಾಯ. ಐವತ್ತು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮೆಟ್ಟಿಲ ಬಾವಿಗೆ ಇಳಿದು, ಕಾಲು ಅದ್ದಿ, ಅದೇ ನೀರು ತುಂಬಿ ತರುತ್ತಿದ್ದರು. ಆ ನೀರಿನಲ್ಲಿ ನಾರುಹುಣ್ಣಿನ ಹುಳ ಇತ್ತು. ಕಾಲಿನಿಂದ ಮೊಳಕ್ಕೂ ಉದ್ದನೆಯ ದಾರದಂಥ ಹುಳವನ್ನು ದಿನಕ್ಕಿಷ್ಟು ಎಂದು ಕಡ್ಡಿಗೆ ಸುತ್ತಿ ಎಳೆಯುತ್ತಿದ್ದುದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕಾಲರಾ, ಕರುಳುಬೇನೆ ಬೇರೆ. ಬರಗಾಲದಲ್ಲಿ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಬಂದವು. ನಮ್ಮ ನೆರೆಯ ಸೊಲ್ಲಾಪುರದಲ್ಲೇ 1970ರ ದಶಕದ ಆರಂಭದಲ್ಲಿ ರೂಪುಗೊಂಡ ‘ಸೊಲ್ಲಾಪುರ ಪಂಪು’, ಮುಂದೆ ‘ಇಂಡಿಯಾ ಮಾರ್ಕ್ 2’ ಕೈಪಂಪಾಗಿ ದೇಶದ ಊರೂರಿಗೆ ಹೋಯಿತು. ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಮೆಟ್ಟಿಲ ಬಾವಿಗಳು ಮುಚ್ಚಿದವು ಅಥವಾ ಬಳಕೆಯಿಂದ ಹಿಂದೆ ಸರಿದವು. ಭಾರತದ ಕೊನೆಯ ನಾರುಹುಣ್ಣಿನ ರೋಗಿ ಪತ್ತೆಯಾದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಆ ರೋಗದಿಂದ ಮುಕ್ತವೆಂದು ಸಾರಿತು. ಅದೊಂದು ದೊಡ್ಡ ಗೆಲುವು.

ಕೈಪಂಪು ಕೂರಿಸುವಾಗ ಅಧಿಕಾರಿಗಳು, ಎಂಜಿನಿಯರುಗಳು ಕೇಳಿದ ಪ್ರಶ್ನೆ ಒಂದೇ: ನೀರು ಬಿತ್ತೇ? ನೆಲದಡಿಯ ನೀರೆಂದರೆ ಶುದ್ಧ ಎಂಬ ನಂಬಿಕೆ ಆಗ ಎಲ್ಲರದು. ಫ್ಲೋರೋಸಿಸ್ ಎಂಬ ಬೇನೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. 1937ರಲ್ಲೇ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ವಿಜ್ಞಾನಿಗಳು ಬಾವಿ ನೀರಿನ ಫ್ಲೋರೈಡಿನಿಂದ ಬೆನ್ನು ಸೆಟೆದುಕೊಂಡ ಜನರ ಬಗ್ಗೆ ಬರೆದಿದ್ದರು. ಆ ತಿಳಿವಳಿಕೆ ವೈದ್ಯರ ಪತ್ರಿಕೆಯಲ್ಲಿ ಉಳಿಯಿತು, ಬೋರು ಕೊರೆಯುವ ಲಾರಿಯ ಹತ್ತಿರ ಬರಲಿಲ್ಲ.

ಹಲ್ಲು, ಬೆನ್ನು, ಮೊಣಕಾಲು

ನಂಜು ದೇಹಕ್ಕೆ ಹೋಗುವ ದಾರಿ ತಿಳಿದರೆ ತಡೆಯುವ ದಾರಿಯೂ ತಿಳಿಯುತ್ತದೆ. ಫ್ಲೋರೈಡಿಗೆ ಇಷ್ಟವಾದ ಜಾಗ ಎಲುಬು ಮತ್ತು ಹಲ್ಲು. ಸುಮಾರು ಎಂಟು ವರ್ಷದೊಳಗೆ, ಕಾಯಂ ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿರುವಾಗ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಕಲೆ, ಹಳದಿ ಅಥವಾ ಕಂದು ಅಡ್ಡಪಟ್ಟಿ ಹೊತ್ತು ಬರುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಗುಟ್ಕಾ, ತಂಬಾಕಿನ ಕಲೆ ಹಲ್ಲಿನ ಮೇಲೆ ಹತ್ತುವಂಥದ್ದು, ಅಂಚಿಗೂ ಸಂದಿಗೂ ಮೆತ್ತುವಂಥದ್ದು. ಫ್ಲೋರೈಡಿನ ಪಟ್ಟಿ ಎಡ-ಬಲ ಎರಡೂ ಕಡೆಯ ಜೋಡಿ ಹಲ್ಲುಗಳ ಮೇಲೆ ಒಂದೇ ಎತ್ತರದಲ್ಲಿ ಇರುತ್ತದೆ. ಐದನೇ ಇಯತ್ತೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಲ್ಲು ನೋಡಿದರೆ, ಏಳೆಂಟು ವರ್ಷದ ಹಿಂದೆ ಆ ಊರು ಯಾವ ನೀರು ಕುಡಿಯಿತು ಎಂಬುದು ಹೆಚ್ಚುಕಡಿಮೆ ತಿಳಿದುಹೋಗುತ್ತದೆ. ಆ ಮಕ್ಕಳಿಗೆ ನಾವು ‘ಹಲ್ಲು ತಿಕ್ಕೋದಿಲ್ಲೇನು’ ಎಂದು ಬೈಯುತ್ತ ಬಂದಿದ್ದೇವೆ.

ಎಲುಬಿನ ಕಥೆ ಇನ್ನೂ ನಿಧಾನ. ಹತ್ತು ಹದಿನೈದು ವರ್ಷ ಕುಡಿದ ಮೇಲೆ ಕುತ್ತಿಗೆ, ನಡು, ಕೀಲು ಹಿಡಿದುಕೊಳ್ಳುತ್ತವೆ. ಜನ ಅದನ್ನು ವಾತ ಎನ್ನುತ್ತಾರೆ, ವಯಸ್ಸಾಯಿತು ಎನ್ನುತ್ತಾರೆ, ನೋವಿನ ಗುಳಿಗೆ ನುಂಗುತ್ತಾರೆ. ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ 2008-09ರಲ್ಲಿ ಶುರುವಾದಾಗಿನಿಂದ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವ ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಿಸದೆ ಬಾಗಿ ಕಾಲಿನ ಬೆರಳು ಮುಟ್ಟಬೇಕು. ಗದ್ದವನ್ನು ಎದೆಗೆ ತಾಗಿಸಬೇಕು. ಎರಡೂ ಕೈ ಎತ್ತಿ ಮಡಿಸಿ ತಲೆಯ ಹಿಂದೆ ಇಡಬೇಕು. ನಡುವಯಸ್ಸಿನವರು ಒಬ್ಬರಲ್ಲ, ಓಣಿಯ ಹಲವರು ಈ ಮೂರನ್ನು ಮಾಡಲಾಗದೆ ಒದ್ದಾಡಿದರೆ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. ಮೂತ್ರದಲ್ಲಿನ ಫ್ಲೋರೈಡ್ ಅಳೆದು, ಮುಂಗೈ ಎಕ್ಸ್‌ರೇ ತೆಗೆದು ಖಚಿತಪಡಿಸಿಕೊಳ್ಳಬಹುದು. ಒಮ್ಮೆ ಗಟ್ಟಿಯಾದ ಎಲುಬನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ನೀರು ಬದಲಿಸುವುದೊಂದೇ ಚಿಕಿತ್ಸೆ, ಬೇಗ ಬದಲಿಸಿದಷ್ಟೂ ಲಾಭ.

ಜೋಳದ ರೊಟ್ಟಿಯ ನಾಡಿಗೆ ಸಂಬಂಧಿಸಿದ ಒಂದು ಅಧ್ಯಾಯವೂ ಇದರಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಫ್ಲೋರೈಡ್ ಪೀಡಿತ ಪ್ರದೇಶದ ಹರೆಯದವರಲ್ಲಿ ಮೊಣಕಾಲು ಒಳಕ್ಕೆ ಬಾಗಿ ಒಂದಕ್ಕೊಂದು ಬಡಿಯುವ ಊನದ ಬಗ್ಗೆ ಬರೆದರು. ಜೋಳವೇ ಮುಖ್ಯ ಆಹಾರವಾಗಿ, ಹಾಲು-ಮೊಸರು ಅಪರೂಪವಾದ ಬಡ ಮನೆಗಳಲ್ಲಿ ಅದು ಹೆಚ್ಚು ಕಂಡಿತ್ತು. ಜೋಳದಲ್ಲಿನ ಮಾಲಿಬ್ಡಿನಮ್ ದೇಹದ ತಾಮ್ರವನ್ನು ಹೊರಹಾಕುತ್ತದೆ, ಅದರಿಂದ ಎಲುಬು ಇನ್ನಷ್ಟು ಸೊರಗುತ್ತದೆ ಎಂಬ ವಿವರಣೆಯನ್ನು ಆ ಸಂಸ್ಥೆಯ ಸಂಶೋಧಕರು ಮುಂದಿಟ್ಟರು. ಇದನ್ನೋದಿ ಯಾರೂ ರೊಟ್ಟಿ ಬಿಡಬೇಕಿಲ್ಲ. ರೊಟ್ಟಿಯ ಜತೆ ಮೊಸರು, ಎಳ್ಳು, ಸೊಪ್ಪು ಇರಬೇಕು. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿಯುತ್ತದೆ. ಹುಣಸೆಹಣ್ಣು ಮೂತ್ರದ ಮೂಲಕ ಫ್ಲೋರೈಡ್ ಹೊರಹೋಗಲು ನೆರವಾಗುತ್ತದೆಂದು ಅದೇ ಪೋಷಣ ಸಂಸ್ಥೆಯ ಪ್ರಯೋಗಗಳು ತೋರಿಸಿವೆ. ಚಹಾದೆಲೆ ಮಾತ್ರ ಮಣ್ಣಿನಿಂದ ಫ್ಲೋರೈಡ್ ಹೀರಿ ಕೂಡಿಡುವ ಗಿಡದ್ದು. ಫ್ಲೋರೈಡಿನ ನೀರಿನಲ್ಲೇ ಕುದಿಸಿದ ಕಡಕ್ ಚಹಾ ದಿನಕ್ಕೆ ಐದಾರು ಸಲ ಕುಡಿಯುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕವೆಂದರೆ ಅದು ಹೀಗೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರು ಇಲ್ಲವೇ ಇಲ್ಲವೆಂದಾದರೆ 1.5ರವರೆಗೆ ಒಪ್ಪಬಹುದು. ಈ 1.5 ವಿಶ್ವ ಆರೋಗ್ಯ ಸಂಸ್ಥೆಯ ಅಂಕಿ, ಒಬ್ಬ ಮನುಷ್ಯ ದಿನಕ್ಕೆ ಸುಮಾರು ಎರಡು ಲೀಟರ್ ಕುಡಿಯುತ್ತಾನೆ ಎಂಬ ಅಂದಾಜಿನದು. ಬಿಸಿಲ ನಾಡುಗಳಲ್ಲಿ ಇನ್ನೂ ಕಡಿಮೆ ಇಟ್ಟುಕೊಳ್ಳಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವವರು ಐದು ಲೀಟರ್ ಕುಡಿದರೂ ಹೆಚ್ಚಲ್ಲ. ಐದು ಲೀಟರ್, ಲೀಟರಿಗೆ 1.5: ಒಂದು ದಿನಕ್ಕೆ 7.5 ಮಿಲಿಗ್ರಾಂ. ದಿನಕ್ಕೆ ಸುಮಾರು 6 ಮಿಲಿಗ್ರಾಂ ದಾಟಿದರೆ ಎಲುಬಿಗೆ ಅಪಾಯ ಶುರುವಾಗುತ್ತದೆಂಬುದು ಅದೇ ಸಂಸ್ಥೆಯ ಪರಿಶೀಲನೆ. ಕಾಗದದ ಮೇಲೆ ‘ಮಿತಿಯೊಳಗಿದೆ’ ಎಂದು ಬರೆಸಿಕೊಂಡ ನೀರು ಕೂಲಿಕಾರನ ಮಟ್ಟಿಗೆ ಮಿತಿಯೊಳಗಿಲ್ಲ. ವಿಜಯಪುರ, ಯಾದಗಿರಿ, ರಾಯಚೂರಿನಂಥ ಜಿಲ್ಲೆಗಳಿಗೆ 1 ಮಿಲಿಗ್ರಾಮನ್ನೇ ಗಡಿಯೆಂದು ಹಿಡಿಯಬೇಕು, 1.5ರ ರಿಯಾಯಿತಿಯನ್ನು ಮರೆಯಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಕಿರದಳ್ಳಿ ತಾಂಡಾ

ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ನಡೆದದ್ದನ್ನು ಈ ಭಾಗದ ಪ್ರತಿಯೊಬ್ಬ ಜನಪ್ರತಿನಿಧಿಯೂ ತಿಳಿದಿರಬೇಕು. ಅದು ಮಂಗಳೂರು ಚಿನ್ನದ ಗಣಿಯ ಪಕ್ಕದ ಲಂಬಾಣಿ ತಾಂಡಾ (ಕರಾವಳಿಯ ಮಂಗಳೂರಲ್ಲ, ಸುರಪುರ ಸೀಮೆಯದು). ಚಿನ್ನವಿರುವ ಬಂಡೆಯಲ್ಲಿ ಆರ್ಸೆನೊಪೈರೈಟ್ ಎಂಬ ಖನಿಜವೂ ಇರುತ್ತದೆ. ಅದರಲ್ಲಿ ಆರ್ಸೆನಿಕ್, ಅಂದರೆ ಪಾಷಾಣ. ಗಣಿ ಮುಚ್ಚಿತು, ಗಣಿಯ ಮಣ್ಣು ಉಳಿಯಿತು. ಜನರ ಅಂಗೈ ಅಂಗಾಲುಗಳಲ್ಲಿ ಗಂಟು, ಮೈಮೇಲೆ ಚುಕ್ಕೆ ಕಾಣಿಸಿಕೊಂಡವು. ಪಶ್ಚಿಮ ಬಂಗಾಳದ ಆರ್ಸೆನಿಕ್ ದುರಂತವನ್ನು ಜಗತ್ತಿಗೆ ತಿಳಿಸಿದ ಜಾಧವ್‌ಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿಯವರ ತಂಡ ಇಲ್ಲಿಗೂ ಬಂದು ಅಧ್ಯಯನ ಮಾಡಿತು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ 59 ನೀರಿನ ಮಾದರಿಗಳಲ್ಲಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಅತಿ ಹೆಚ್ಚಿನದು 303. ಪರೀಕ್ಷಿಸಿದ 181 ಜನರಲ್ಲಿ ಶೇ 58.6ರಷ್ಟು ಮಂದಿಗೆ ಚರ್ಮದ ಗಾಯಗಳಿದ್ದವು.

ಗಂಗಾ ಬಯಲಿನದೆಂದು ನಾವು ತಿಳಿದಿದ್ದ ಬೇನೆ ಕೃಷ್ಣೆಯ ಇದೇ ದಂಡೆಯಲ್ಲಿತ್ತು. ನಾಲತವಾಡದ ನೆಲದಲ್ಲಿ ಚಿನ್ನದ ಗಣಿಯಿಲ್ಲ, ಹಾಗಾಗಿ ಆರ್ಸೆನಿಕ್ಕಿನ ಭಯವನ್ನು ಇಲ್ಲಿಗೆ ಎಳೆದು ತರುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಕಾಲದ ಅಂತರ. ಮೊದಲ ಗಂಟು ಕಾಣಿಸಿದ ದಿನಕ್ಕೂ ನೀರಿನ ಬಾಟಲಿ ಪ್ರಯೋಗಾಲಯ ಮುಟ್ಟಿದ ದಿನಕ್ಕೂ ನಡುವೆ ವರ್ಷಗಳೇ ಕಳೆದುಹೋಗುತ್ತವೆ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ ಕಲುಷಿತ ನಳದ ನೀರು ಕುಡಿದು ಜನ ಸತ್ತಾಗ ವಾರದೊಳಗೆ ಮಂತ್ರಿಗಳು, ಅಧಿಕಾರಿಗಳು, ತನಿಖೆ ಎಲ್ಲ ಬಂದವು. ವಾಂತಿಭೇದಿಗೆ ಸದ್ದಿದೆ. ಹದಿನೈದು ವರ್ಷ ತೆಗೆದುಕೊಂಡು ಬೆನ್ನು ಬಾಗಿಸುವ ನೀರಿಗೆ ಸದ್ದಿಲ್ಲ, ಅದಕ್ಕೆ ತನಿಖಾ ಸಮಿತಿಯೂ ಇಲ್ಲ.

ಬಂಡೆಯಿಂದ ಬರುವ ವಿಷ ಒಂದಾದರೆ ನಾವೇ ಇಳಿಸುವುದು ಇನ್ನೊಂದು. ನೈಟ್ರೇಟಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಊರ ನಡುವಿನ ತಿಪ್ಪೆ, ಬೋರಿನ ಹತ್ತಿರದ ಶೌಚದ ಗುಂಡಿ, ಹೊಲಕ್ಕೆ ಸುರಿದ ಯೂರಿಯಾ: ಎಲ್ಲದರ ಸಾರಜನಕ ಕೊನೆಗೆ ನೀರಿಗೇ ಇಳಿಯುತ್ತದೆ. 1982ರಲ್ಲಿ ನಾರಾಯಣಪುರದ ಬಸವಸಾಗರ ತುಂಬಿದ ಮೇಲೆ, ಆಮೇಲೆ ಆಲಮಟ್ಟಿ ಎದ್ದ ಮೇಲೆ, ಕಾಲುವೆಯ ಬದಿಗೆ ನೀರಾವರಿ ಬಂತು, ಗೊಬ್ಬರವೂ ಹೆಚ್ಚಿತು. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಕೂಸು ನೀಲಿಗಟ್ಟಬಹುದು. ಎದೆಹಾಲಿನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೂ ಒಂದು.

ಇನ್ನು ಮನುಷ್ಯನೇ ಹುಟ್ಟಿಸಿದ, ಸುಲಭಕ್ಕೆ ಕೊಳೆಯದ ರಾಸಾಯನಿಕಗಳದು ಬೇರೆಯೇ ಅಧ್ಯಾಯ. ಅಂಟದ ಬಾಣಲೆ, ಬೆಂಕಿ ನಂದಿಸುವ ನೊರೆ, ನೀರು ಹಿಡಿಯದ ಬಟ್ಟೆಗಳಲ್ಲಿ ಬಳಸುವ ಪಿಎಫ್ಎಎಸ್ ಗುಂಪಿನ ವಸ್ತುಗಳಿಗೆ ಅಮೆರಿಕ 2024ರ ಏಪ್ರಿಲಿನಲ್ಲಿ ಮೊದಲ ಸಲ ರಾಷ್ಟ್ರಮಟ್ಟದ ಮಿತಿ ಹಾಕಿತು. ಅವುಗಳಲ್ಲಿ ಎರಡಕ್ಕೆ ಲೀಟರಿಗೆ ಕೇವಲ 4 ನ್ಯಾನೋಗ್ರಾಂ. ನಮ್ಮ 2012ರ ಮಾನಕದ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಕನ್ನಡಿಗರಿಗೆ ಹತ್ತಿರದ ಪಾಠ ಕಾಸರಗೋಡಿನದು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದ ವೈದ್ಯ ವೈ.ಎಸ್. ಮೋಹನ್ ಕುಮಾರ್, ಅದೇ ಊರಿನ ಪತ್ರಕರ್ತ ಶ್ರೀ ಪಡ್ರೆ ಅದರಿಂದ ಜನರಿಗಾದ ಹಾನಿಯನ್ನು ಹೊರಲೋಕಕ್ಕೆ ತಿಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟಕ್ಕೆ ತಡೆ ಹಾಕಿತು. ಹತ್ತಿ, ತೊಗರಿ, ಮೆಣಸಿನಕಾಯಿಗೆ ಔಷಧ ಹೊಡೆದು ಡಬ್ಬಿಯನ್ನು ಹಳ್ಳದಲ್ಲಿ ತೊಳೆಯುವ ನಮ್ಮ ಭಾಗ ಆ ಕಥೆಯನ್ನು ದೂರದ್ದೆಂದು ಕೇಳಿ ಬಿಡುವಂತಿಲ್ಲ.

ಕುದಿಸಿದರೆ ಹೋಗುವುದಿಲ್ಲ

ಆಸ್ಪತ್ರೆಯ ಗೋಡೆಯ ಮೇಲೆ ‘ನೀರನ್ನು ಕುದಿಸಿ ಆರಿಸಿ ಕುಡಿಯಿರಿ’ ಎಂದು ಬರೆದಿರುತ್ತದೆ. ರೋಗಾಣುವಿನ ಮಟ್ಟಿಗೆ ಅದು ಸರಿಯಾದ ಮಾತು. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದದ್ದರಲ್ಲಿ ಅವು ದಟ್ಟವಾಗುತ್ತವೆ. ಬಟ್ಟೆಯಲ್ಲಿ ಸೋಸಿದರೂ, ಬ್ಲೀಚಿಂಗ್ ಪುಡಿ ಹಾಕಿದರೂ ಹೋಗುವುದಿಲ್ಲ.

ತೆಗೆಯುವ ವಿಧಾನಗಳಿಗೆ ಕೊರತೆಯಿಲ್ಲ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನ ನೀರಿಗೆ ಲೆಕ್ಕವಾಗಿ ಬೆರೆಸಿ, ಕೆಸರು ತಳಕ್ಕಿಳಿದ ಮೇಲೆ ಮೇಲಿನ ತಿಳಿ ತೆಗೆದುಕೊಳ್ಳುತ್ತಾರೆ. ಅಗ್ಗ; ಆದರೆ ದಿನವೂ ಅಳತೆ ತಪ್ಪದೆ ಮಾಡಬೇಕು, ಕೆಸರನ್ನು ಎಲ್ಲೆಂದರಲ್ಲಿ ಚೆಲ್ಲಬಾರದು. ಕೂಲಿಗೆ ಹೋಗುವ ತಾಯಿಗೆ ಅಷ್ಟು ವ್ಯವಧಾನ ಎಲ್ಲಿದೆ? ಸಕ್ರಿಯ ಅಲ್ಯೂಮಿನಾ ತುಂಬಿದ ಫಿಲ್ಟರು ಚೆನ್ನಾಗಿ ಕೆಲಸ ಮಾಡುತ್ತದೆ, ಕೆಲವು ತಿಂಗಳಿಗೊಮ್ಮೆ ಅದನ್ನು ಕ್ಷಾರ-ಆಮ್ಲದಿಂದ ತೊಳೆದು ಮತ್ತೆ ಹದಗೊಳಿಸಬೇಕು. ತೊಳೆಯುವವರು ಬರುವುದು ನಿಂತ ದಿನ ಫಿಲ್ಟರು ಬರೀ ಡಬ್ಬಿಯಾಗುತ್ತದೆ, ಮನೆಯವರಿಗೆ ಅದು ತಿಳಿಯುವುದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಧಾಕರ ರಾವ್ ಅವರ ತಂಡ ಮೆಗ್ನೀಸಿಯಂ ಆಕ್ಸೈಡ್ ಬಳಸಿ ಫ್ಲೋರೈಡ್ ತೆಗೆಯುವ ವಿಧಾನವನ್ನೂ ರೂಪಿಸಿತ್ತು.

ಕೊನೆಗೆ ಗೆದ್ದದ್ದು ಆರ್‌ಒ. 2013ರ ನಂತರ, ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಶುದ್ಧ ಕುಡಿಯುವ ನೀರಿನ ಘಟಕಗಳು ಊರೂರಿಗೆ ಬಂದವು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಜನರ ಮನಸ್ಸಿನಲ್ಲಿ ನೀರಿನ ಗುಣಮಟ್ಟ ಎಂಬ ವಿಷಯವನ್ನು ಮೂಡಿಸಿದ್ದು ಈ ಘಟಕಗಳೇ. ಆ ಶ್ರೇಯಸ್ಸು ಅವಕ್ಕೆ ಸಲ್ಲಬೇಕು. ಆದರೆ ಆರ್‌ಒ ಪೊರೆ ಜರಡಿಯ ಹಾಗೆ ತಡೆಯುತ್ತದೆ, ನಾಶ ಮಾಡುವುದಿಲ್ಲ. ತಡೆದ ಉಪ್ಪು, ಫ್ಲೋರೈಡ್, ನೈಟ್ರೇಟ್ ಎಲ್ಲ ಹೊರಗೆ ಬಿಡುವ ನೀರಿನಲ್ಲಿ ದಟ್ಟವಾಗಿ ಕೂಡುತ್ತದೆ. ಆ ನೀರು ಚರಂಡಿಗೆ ಹೋಗಿ, ಚರಂಡಿ ಹಳ್ಳಕ್ಕೆ ಹೋಗಿ, ಅಲ್ಲಿಂದ ಮತ್ತೆ ನೆಲಕ್ಕಿಳಿಯುತ್ತದೆ. ಗಡಸು ನೀರಿನ ನಮ್ಮ ಭಾಗದಲ್ಲಿ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸಲು ದುಡ್ಡಿಲ್ಲದೆ ಘಟಕಕ್ಕೆ ಬೀಗ ಬೀಳುತ್ತದೆ. ಆಗ ಟಂಟಂನಲ್ಲಿ ಕ್ಯಾನು ಮಾರುವವರು ಬರುತ್ತಾರೆ. ಅವರ ನೀರಿನ ವರದಿ ಕೇಳಿದವರು ಯಾರು?

ಕ್ಯಾನು ಬಂದ ಮನೆಗಳಲ್ಲೂ ಒಂದು ಬಿರುಕು ಉಳಿದಿದೆ. ಕ್ಯಾನಿನ ನೀರು ಕುಡಿಯಲಿಕ್ಕೆ ಮಾತ್ರ. ಜೋಳದ ಹಿಟ್ಟಿಗೆ ಹಾಕುವ ಎಸರು, ಬೇಳೆ, ಅನ್ನ, ಚಹಾ ಎಲ್ಲ ಬೋರಿನ ನೀರಿನಲ್ಲೇ. ರೊಟ್ಟಿಗೆ ಎಸರು ಕುದಿಸುವುದೇ ಪದ್ಧತಿ. ಕುದಿದ ನೀರು ಹಿಟ್ಟಿನೊಳಗೆ ಪೂರ್ತಿ ಇಂಗುತ್ತದೆ, ಅದರ ಫ್ಲೋರೈಡೂ ಇಂಗುತ್ತದೆ. ಮನೆಯಲ್ಲಿ ಒಳ್ಳೆಯ ನೀರು ಸ್ವಲ್ಪವೇ ಇದ್ದರೆ, ಸ್ನಾನ-ಬಟ್ಟೆಗೆ ಬೋರು ಇರಲಿ, ಬಾಯಿಗೆ ಹೋಗುವ ಎಲ್ಲದಕ್ಕೂ ಒಳ್ಳೆಯ ನೀರೇ ಆಗಬೇಕು. ಒಬ್ಬರಿಗೆ ದಿನಕ್ಕೆ ಆರೇಳು ಲೀಟರ್ ಎಂದು ಹಿಡಿದರೂ ಐದು ಜನರ ಮನೆಗೆ ಮೂವತ್ತು-ಮೂವತ್ತೈದು ಲೀಟರ್ ಸಾಕು. ಫ್ಲೋರೈಡ್ ಚರ್ಮದಿಂದ ಒಳಗೆ ಹೋಗುವುದಿಲ್ಲ, ಹಾಗಾಗಿ ಸ್ನಾನದ ನೀರಿನ ಬಗ್ಗೆ ಹೆದರಬೇಕಿಲ್ಲ.

ನದಿ, ಮಳೆ

ಬಸವಸಾಗರದ ಹಿನ್ನೀರು ನಾಲತವಾಡಕ್ಕೆ ದೂರವಿಲ್ಲ. ಓಡುವ ನದಿಯ ನೀರು ಬಂಡೆಯೊಳಗೆ ವರ್ಷಗಟ್ಟಲೆ ನಿಂತದ್ದಲ್ಲ, ಅದರಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಅದರಲ್ಲಿರುವ ಕೊಳೆ, ರೋಗಾಣುವನ್ನು ಸೋಸಿ, ಕ್ಲೋರಿನ್ ಹಾಕಿ ಪಳಗಿಸುವ ವಿದ್ಯೆ ನಮಗೆ ಗೊತ್ತು. ಆದ್ದರಿಂದ ಬಹುಗ್ರಾಮ ಯೋಜನೆಗಳ ಮೂಲಕ ನದಿ ನೀರನ್ನು ಮನೆಯ ನಳಕ್ಕೆ ತರುವುದೇ ಈ ಭಾಗಕ್ಕೆ ಸರಿಯಾದ ದಾರಿ ಎಂದು ನಾನು ನಂಬುತ್ತೇನೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ತಲಾ 55 ಲೀಟರ್ ಕೊಡುವ ಮಾತು ಹೇಳಿ, ಫ್ಲೋರೈಡ್-ಆರ್ಸೆನಿಕ್ ಇರುವ ಊರುಗಳಿಗೆ ಮೊದಲ ಆದ್ಯತೆ ಎಂದಿತು.

ಆದರೆ ನಳ ಬಂದರೆ ಕೆಲಸ ಮುಗಿಯಲಿಲ್ಲ. ಬೇಸಿಗೆಯಲ್ಲಿ ನದಿಯ ನೀರು ಸಾಲದಾದಾಗ, ಪೈಪು ಒಡೆದಾಗ, ಕರೆಂಟ್ ಹೋದಾಗ ವಾಟರ್‌ಮನ್ ಏನು ಮಾಡಬೇಕು? ಹಳೆಯ ಬೋರಿನ ವಾಲ್ವು ತಿರುಗಿಸಿ ಅದೇ ಟ್ಯಾಂಕಿಗೆ ಬಿಡುತ್ತಾನೆ. ಅವನದು ತಪ್ಪಲ್ಲ, ಜನ ಕೊಡ ಹಿಡಿದು ನಿಂತಿರುತ್ತಾರೆ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರಿನ ನೀರು, 0.3 ಇರುವ ನದಿಯ ನೀರು ಸಮಸಮ ಬೆರೆತರೆ ನಳದಲ್ಲಿ ಬರುವುದು 1.65. ಹೆಚ್ಚು ಬಾಯಾರಿಕೆಯಾಗುವ ತಿಂಗಳಲ್ಲೇ ಹೆಚ್ಚು ಫ್ಲೋರೈಡ್. ಹೀಗಾಗಿ ನದಿಯಿಂದ ನೀರೆತ್ತುವ ಜಾಕ್‌ವೆಲ್ಲಿನ ನೀರು ಪರೀಕ್ಷಿಸಿ ಊರಿಗೆ ಶುದ್ಧ ನೀರು ಕೊಟ್ಟೆವು ಎನ್ನುವುದು ಅರ್ಧ ಸತ್ಯ. ಮನೆಯ ನಳದ ನೀರನ್ನು, ಅದೂ ಏಪ್ರಿಲಿನಲ್ಲಿ, ಪರೀಕ್ಷಿಸಬೇಕು.

ಎರಡನೆಯದು ಮಳೆ. ನಮ್ಮಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್, ಕಡಿಮೆಯೇ. ಆದರೂ ಲೆಕ್ಕ ಹಾಕಿ ನೋಡಿ: 30 ಚದರ ಮೀಟರಿನ ಆರ್‌ಸಿಸಿ ಅಥವಾ ಪತ್ರಾಸ್ ಮಾಳಿಗೆಯ ಮೇಲೆ 18,000 ಲೀಟರ್ ಬೀಳುತ್ತದೆ, ಐದರಲ್ಲಿ ಒಂದು ಪಾಲು ಪೋಲಾದರೂ 14,400 ಲೀಟರ್ ಸಿಗುತ್ತದೆ. ದಿನಕ್ಕೆ 35 ಲೀಟರಿನಂತೆ ಬಳಸಿದರೆ ವರ್ಷಕ್ಕೆ ಬೇಕಾದದ್ದು 12,775. ಸಾಮಾನ್ಯ ವರ್ಷದಲ್ಲಿ ಒಂದು ಮನೆಯ ಬಾಯಿಗೆ ಸಾಕು. ದುಡ್ಡು ಹಿಡಿಯುವುದು ಮಾಳಿಗೆಗಲ್ಲ, ನೀರು ಕೂಡಿಡುವ ತೊಟ್ಟಿಗೆ. ಮೊದಲ ಮಳೆಯ ಕೊಳೆ ನೀರು ಹೊರಹೋಗಲು ಬಿಡಬೇಕು, ತೊಟ್ಟಿಗೆ ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಬೇಕು. ಮುಂಡರಗಿ, ಬಾಗೇಪಲ್ಲಿಯಂಥ ಫ್ಲೋರೈಡ್ ಪೀಡಿತ ತಾಲ್ಲೂಕುಗಳಲ್ಲಿ ಬೈಫ್ ಸಂಸ್ಥೆ ‘ಸಚೇತನ’ ಯೋಜನೆಯಲ್ಲಿ ಮನೆಮನೆಗೆ ಇಂಥ ತೊಟ್ಟಿ ಕಟ್ಟಿಸಿತ್ತು. ಎಂಡೋಸಲ್ಫಾನ್ ಬಗ್ಗೆ ಬರೆದ ಶ್ರೀ ಪಡ್ರೆಯವರೇ ಕನ್ನಡದಲ್ಲಿ ಮಳೆಕೊಯ್ಲಿನ ಬಗ್ಗೆ ಎಲ್ಲರಿಗಿಂತ ಹೆಚ್ಚು ಬರೆದವರು. ನಮ್ಮ ಜಿಲ್ಲೆಗಂತೂ ಇದು ಹೊಸದಲ್ಲ: 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಬೇಗಂ ತಲಾಬು ವಿಜಯಪುರ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸುತ್ತಿತ್ತು. ಈಚಿನ ವರ್ಷಗಳಲ್ಲಿ ಮಮದಾಪುರದಂಥ ಕೆರೆಗಳಿಗೆ ಕೃಷ್ಣೆಯ ನೀರು ತುಂಬಿಸಿದ್ದರಿಂದ ಸುತ್ತಲಿನ ಬಾವಿಗಳಿಗೆ ಹೊಸ ನೀರು ಇಳಿಯುತ್ತಿದೆ. ಹೊಸ ನೀರು ಸೇರಿದ ಕಡೆ ಹಳೆಯ ನೀರಿನ ದಟ್ಟಣೆ ಇಳಿಯುವುದನ್ನು ನಿರೀಕ್ಷಿಸಬಹುದು. ಇಳಿದಿದೆಯೇ ಎಂದು ಅಳೆಯುವುದು ಇಲಾಖೆಯ ಕೆಲಸ.

ಗೋಡೆಯ ಮೇಲೆ ಬರೆಯಿರಿ

ಎಲ್ಲ ಸುತ್ತಿ ಬಂದು ನಿಲ್ಲುವುದು ಅಳತೆಗೆ. ಪಂಚಾಯಿತಿಗಳಿಗೆ ಕೊಟ್ಟಿರುವ ಕ್ಷೇತ್ರ ಪರೀಕ್ಷಾ ಕಿಟ್ಟಿನಲ್ಲಿ ಫ್ಲೋರೈಡ್ ನೋಡುವ ದ್ರವವಿದೆ. ಫ್ಲೋರೈಡ್ ಹೆಚ್ಚಿದಷ್ಟೂ ಅದರ ಕೆಂಪು ಹಳದಿಯ ಕಡೆ ತಿರುಗುತ್ತದೆ. ಪ್ರತಿ ಊರಿನ ಐವರು ಮಹಿಳೆಯರಿಗೆ ಇದನ್ನು ಬಳಸಲು ಕಲಿಸಬೇಕೆಂಬುದು ಜಲಜೀವನ ಮಿಷನ್ನಿನ ನಿಯಮ. ಕಿಟ್ಟಿನಲ್ಲಿ ಸಂಶಯ ಬಂದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ವರ್ಷಕ್ಕೊಮ್ಮೆ ರಾಸಾಯನಿಕ ಪರೀಕ್ಷೆ, ಎರಡು ಸಲ ರೋಗಾಣು ಪರೀಕ್ಷೆ ಆಗಬೇಕೆಂದು ನಿಯಮವೇ ಹೇಳುತ್ತದೆ. ಆಗಿರುವ ಪರೀಕ್ಷೆಗಳ ಅಂಕಿಗಳು ಸರ್ಕಾರದ ಕಂಪ್ಯೂಟರಿನಲ್ಲಿವೆ, ನೀರು ತುಂಬುವ ಹೆಣ್ಣುಮಗಳ ಕಣ್ಣಿಗೆ ಬಿದ್ದಿಲ್ಲ. ಪ್ರತಿ ಬೋರಿನ ಕಟ್ಟೆಯ ಮೇಲೆ, ಪ್ರತಿ ಟ್ಯಾಂಕಿನ ಕಾಲಿನ ಮೇಲೆ, ಪ್ರತಿ ಆರ್‌ಒ ಘಟಕದ ಗೋಡೆಯ ಮೇಲೆ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಯಾವ ತಾರೀಖಿನ ಪರೀಕ್ಷೆ ಎಂದು ದೊಡ್ಡ ಅಕ್ಷರದಲ್ಲಿ ಬಣ್ಣದಿಂದ ಬರೆಯಬೇಕು. ಒಂದು ಡಬ್ಬಿ ಬಣ್ಣದ ಖರ್ಚು. ಮಿತಿ ದಾಟಿದ ಬೋರಿಗೆ ಕೆಂಪು ಬಳಿಯಬೇಕು. ಅದನ್ನು ಮುಚ್ಚಬೇಕಿಲ್ಲ, ದನಕ್ಕೂ ಬೇರೆ ನೀರಿದ್ದರೆ ಒಳ್ಳೆಯದು, ಬಟ್ಟೆ-ಬಚ್ಚಲಿಗೆ ಅದು ನಡೆಯುತ್ತದೆ. ಗ್ರಾಮಸಭೆಯಲ್ಲಿ, ನಾಲತವಾಡದಂಥ ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪದ ಜತೆಗೆ ಈ ಅಂಕಿಯನ್ನೂ ಓದಿ ಹೇಳಬೇಕೆಂದು ಸದಸ್ಯರು ಪಟ್ಟು ಹಿಡಿಯಬೇಕು.

ಯಾರೂ ಬರಲಿಲ್ಲವೆಂದರೆ ನೀವೇ ಒಯ್ಯಬಹುದು. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು. ಬೋರನ್ನು ಐದು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಿಂದ ಬಾಟಲಿಯನ್ನು ಎರಡು-ಮೂರು ಸಲ ಗಲಬರಿಸಿ, ತುಂಬ ತುಂಬಿಸಿ, ಬಿಗಿಯಾಗಿ ಮುಚ್ಚಿ. ಊರು, ಬೋರಿನ ಜಾಗ, ಆಳ, ತಾರೀಖು ಬರೆದ ಚೀಟಿ ಅಂಟಿಸಿ, ಆ ದಿನವೇ ಅಥವಾ ಮರುದಿನ ತಾಲ್ಲೂಕು ಇಲ್ಲವೇ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮುಟ್ಟಿಸಿ. ನೈಟ್ರೇಟಿನ ಅಂಕಿ ತಡವಾದರೆ ಬದಲಾಗುತ್ತದೆ. ರೋಗಾಣು ಪರೀಕ್ಷೆಗೆ ಬೇರೆ, ಕ್ರಿಮಿಶುದ್ಧಿ ಮಾಡಿದ ಬಾಟಲಿ ಬೇಕು, ಅದನ್ನು ಪ್ರಯೋಗಾಲಯದಿಂದಲೇ ಕೇಳಿ ಪಡೆಯಿರಿ. ವರದಿ ಕೈಗೆ ಬಂದಾಗ ‘ಕುಡಿಯಲು ಯೋಗ್ಯ’ ಎಂಬ ಸಾಲನ್ನಷ್ಟೇ ಓದಿ ಮಡಿಚಿಡಬೇಡಿ. ಫ್ಲೋರೈಡಿನ ಎದುರಿನ ಅಂಕಿ 1ರ ಕೆಳಗಿದೆಯೇ, ನೈಟ್ರೇಟಿನ ಅಂಕಿ 45ರ ಕೆಳಗಿದೆಯೇ ನೋಡಿ. ಅದರ ನಕಲನ್ನು ಅಂಗನವಾಡಿಗೂ, ಶಾಲೆಯ ಮುಖ್ಯೋಪಾಧ್ಯಾಯರಿಗೂ ಕೊಡಿ. ಬಿಸಿಯೂಟ ಬೇಯುವುದು ಸಾಮಾನ್ಯವಾಗಿ ಅದೇ ನೀರಿನಲ್ಲಿ.